ಮೇಸ್ತ್ರಿಗಳ ಹೆಂಡತಿ ಹೇಳಿದ್ದು

ಮೇಸ್ತ್ರಿಗಳಿಗೆ ಈ ಜಗತ್ತಿನಲ್ಲಿ ಯಾರನ್ನು ಕಂಡರೂ ಅಷ್ಟಕ್ಕಷ್ಟೆ. ಬಸ್ ಡ್ರೈವರನಿಗೆ ಬ್ರೇಕು ಹಾಕಲು ಬರುವುದಿಲ್ಲ, ಡಾಕ್ಟರಿಗೆ ನಾಡಿ ಹಿಡಿಯಲು ಬರುವುದಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಸದ್ದಾಗದಂತೆ ಬಾಗಿಲು ಹಾಕಲು ಬರುವುದಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವ ಜನ ಎಲ್ಲ ಕಡೆ ಇರುತ್ತಾರೆ. ಮೇಸ್ತ್ರಿಗಳು ಕಲ್ಲನ್ನು ಮನೆಯಿಂದಲೇ ಜೇಬಿನಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು. ಆದರೂ ಅವರ ತಿರಸ್ಕಾರದಲ್ಲಿ ಮೇಲು ಕೀಳು ಇತ್ತು. ಅದರ ಸಿಂಹಪಾಲನ್ನು ಅವರು ಮಗ್ಗದ ಶೆಡ್ಡಿನ ಹೆಂಗಸರ ಬಾಯಿಭಾಷೆಗೆ ಎತ್ತಿಟ್ಟಿದ್ದರು.

ಬಟ್ಟೆ ಮಿಲ್ಲು ಮುಚ್ಚಿ ಎಷ್ಟೋ ಕಾಲವಾಗಿದೆ. ನಡೆಯುತ್ತಿದ್ದ ದಿನಗಳಲ್ಲಿ ಆ ಶೆಡ್ಡಿನೊಳಗೆ ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಕಿವಿಗೆ ಬಾಯಿ ಹಚ್ಚಿ ಕಿರುಚಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಹೆಂಗಸರು ಧ್ವನಿಯನ್ನೇ ಬಿಟ್ಟು ಬರೀ ಬಾಯಿಂದ ಮಾತಾಡಿಕೊಳ್ಳುತ್ತಿದ್ದರು. ಅರ್ಧ ಪದ ತುಟಿಯ ಮೇಲೆ, ಉಳಿದರ್ಧ ಹುಬ್ಬಿನಲ್ಲೋ ಗದ್ದದಲ್ಲೋ. ಶೆಡ್ಡಿನ ಈ ತುದಿಯವಳು ಆ ತುದಿಯವಳಿಗೆ ಅತ್ತೆಯ ಜಗಳ, ಮಗುವಿನ ಜ್ವರ, ಗಂಡನ ಕುಡಿತ ಎಲ್ಲವನ್ನೂ ಮಗ್ಗದ ತಲೆಯ ಮೇಲಿಂದ ದಾಟಿಸುತ್ತಿದ್ದಳು. ಕೈ ಮಾತ್ರ ಕೆಲಸದಲ್ಲಿ. ಮೇಸ್ತ್ರಿಗಳಿಗೂ ಆ ಭಾಷೆಯಲ್ಲಿ ಒಂದು ಹೆಸರಿತ್ತು. ಎರಡೂ ಕೆನ್ನೆ ಉಬ್ಬಿಸಿ ಕಣ್ಣನ್ನು ಸೂರಿನ ಕಡೆಗೆ ಹಾಯಿಸಿದರೆ ಅದು ಮೇಸ್ತ್ರಿ. ಆ ಹೆಸರು ಒಮ್ಮೆಯೂ ಯಾರ ಗಂಟಲಿನಿಂದ ಹೊರಟದ್ದಲ್ಲವಾದ್ದರಿಂದ ಅದರ ಮೇಲೆ ದೂರು ಕೊಡುವಂತೆಯೂ ಇರಲಿಲ್ಲ.

ಕಬ್ಬಿಣದ ಅಟ್ಟಣೆಯ ಮೇಲೆ ನಿಂತು ಇಡೀ ಶೆಡ್ಡನ್ನು ಕಾಯುವುದು ಮೇಸ್ತ್ರಿಗಳ ಕೆಲಸ. ಈ ಬಾಯಾಟ ಕಂಡರೆ ಅವರಿಗೆ ಮೈಯೆಲ್ಲ ಉರಿ. "ಮಾತು ಅಂದ್ಮೇಲೆ ಅದರ ಅರ್ಥ ಅದರೊಳಗೇ ಇರಬೇಕು ಕಣಯ್ಯ," ಎಂದು ಫಿಟ್ಟರನ ಮುಂದೆ ಹೇಳುತ್ತಿದ್ದರು. "ಗೋಡೆ ಮೇಲಿನ ಬೋರ್ಡು ನೋಡು. ಯಾರು ಓದಿದರೂ ಅದೇ, ಯಾರೂ ಓದದಿದ್ದರೂ ಅದೇ. ಇವಳಿಗೂ ಅವಳಿಗೂ ಮಾತ್ರ ತಿಳಿಯೋದು ಮಾತಲ್ಲ, ಪಿತೂರಿ." ಅವರು ಬೆರಳು ತೋರಿಸುತ್ತಿದ್ದ ಬೋರ್ಡು ಅವರೇ ಬರೆಸಿ ಹಾಕಿದ್ದು. 'ಮಾತನಾಡಬಾರದು' ಎಂದಿತ್ತು. ಯಾರ ಮಾತೂ ಯಾರಿಗೂ ಕೇಳದ ಶೆಡ್ಡಿನಲ್ಲಿ, ಓದು ಬಾರದ ಹೆಂಗಸರ ತಲೆಯ ಮೇಲೆ, ಆ ಬೋರ್ಡು ತನ್ನ ಅರ್ಥವನ್ನು ತಾನೇ ಹೊತ್ತುಕೊಂಡು ಧೂಳು ತಿನ್ನುತ್ತಿತ್ತು.

ಇಷ್ಟಾಗಿಯೂ ಮೇಸ್ತ್ರಿಗಳು ಮದುವೆಯಾದದ್ದು ಆ ಮಂದಿಯಲ್ಲೇ ಒಬ್ಬಳನ್ನು. ಕಿಟಕಿಯ ಪಕ್ಕದ ಮಗ್ಗದವಳು; ನಕ್ಕರೆ ಮುಖವೆಲ್ಲ ನಗುವವಳು. ಮದುವೆಯಾದ ಮೇಲೂ ಅದೇ ಮಗ್ಗದಲ್ಲಿ ದುಡಿಯುತ್ತಿದ್ದಳು. ಆಮೇಲೆ ಆ ದಿನ ಬಂತು. ಹೊರದೇಶದ ವ್ಯಾಪಾರಿಗಳಿಗೆ ತೋರಿಸಲೆಂದು ಮಾಲೀಕರು ಸಿನಿಮಾ ತೆಗೆಯುವವರನ್ನು ಕರೆಸಿದ್ದರು. ಕ್ಯಾಮೆರಾ ತಿರುಗುತ್ತಿರುವಾಗಲೇ ಹೆಂಡತಿ ಮಗ್ಗದಿಂದ ತಲೆಯೆತ್ತಿ, ನೆಟ್ಟಗೆ ಅಟ್ಟಣೆಯ ಕಡೆ ನೋಡಿ, ಏನೋ ಒಂದಷ್ಟು ಬಾಯಾಡಿಸಿದಳು. ಅದರ ಬೆನ್ನಿಗೇ ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಗಳಿಗೆ ಯಾರೂ ಕಳ್ಳ ಎನ್ನುವುದೂ ಬೇಕಾಗಲಿಲ್ಲ. ಮಾರನೆಯ ದಿನ ಹೆಂಡತಿಯನ್ನು ಮಗ್ಗದಿಂದ ತೆಗೆದು ಧೂಳಿನ ಕೋಣೆಗೆ ಹಾಕಿದರು.

ಧೂಳಿನ ಕೋಣೆ ಎಂದರೆ ಕಸದ ಹತ್ತಿಯನ್ನು ಬೇರ್ಪಡಿಸುವ ಜಾಗ. ಕಿಟಕಿಯಿಲ್ಲ. ಎಳೆ ಎಳೆ ಹತ್ತಿ ಗಾಳಿಯಲ್ಲಿ ತೇಲುತ್ತಿರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರಬೇಕು. ಕಟ್ಟಿದ ಬಾಯಿಂದ ಯಾರ ಜೊತೆ ತಾನೇ ಬಾಯಾಡಿಸುವುದು. ಮಿಲ್ಲು ಮುಚ್ಚುವವರೆಗೂ ಅವಳು ಅಲ್ಲೇ ಇದ್ದಳು. ಅಲ್ಲಿನ ಕೆಮ್ಮು ಅವಳ ಜೊತೆ ಮನೆಗೆ ಬಂತು, ಮಿಲ್ಲು ಮುಚ್ಚಿದ ಮೇಲೂ ಮನೆಯಲ್ಲೇ ಉಳಿಯಿತು, ಹೋದ ವರ್ಷ ಅವಳ ಜೊತೆಗೇ ಹೋಯಿತು.

ಅವಳು ಹೋದ ವಾರ, ಬಂದ ನೆಂಟರೆಲ್ಲ ಚಪ್ಪಲಿ ಹುಡುಕಿಕೊಂಡು ಹೊರಟ ಮೇಲೆ, ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮನ್ನ ಆ ಕೋಣೆಗೆ ಹಾಕಿದ್ದು ನೀವು."

"ಇಡೀ ಶೆಡ್ಡಿನ ಮುಂದೆ ಕಟ್ಟಿಕೊಂಡ ಗಂಡನಿಗೆ ಬೈದರೆ ಪಲ್ಲಕ್ಕೀಲಿ ಕೂರಿಸಬೇಕಿತ್ತಾ?"

"ಏನಂತ ಬೈದಳು?"

ಅದು ಮೇಸ್ತ್ರಿಗಳಿಗೂ ತಿಳಿದಿರಲಿಲ್ಲ. ಅಂದಿನಿಂದ ಮಗಳು ಅವರ ಜೊತೆ ಊಟ, ಔಷಧಿ, ಕರೆಂಟು ಬಿಲ್ಲು ಇಷ್ಟರ ಮೇಲೆ ಮಾತಾಡಿದ್ದಿಲ್ಲ. ಬಾಗಿಲು ಮಾತ್ರ ಹಾಕುತ್ತಿದ್ದಳು, ಸದ್ದಾಗುವಂತೆ.

ಇಂಥ ಹೊತ್ತಿನಲ್ಲಿ ಹಳೆಯ ಶೆಡ್ಡನ್ನು ಮ್ಯೂಸಿಯಂ ಮಾಡುವ ಹುಮ್ಮಸ್ಸು ಊರಿನ ದೊಡ್ಡವರಿಗೆ ಬಂತು. ಜೀವ ತೆಗೆಯುವ ಜಾಗಗಳು ಮುಚ್ಚಿದ ಮೇಲೆ ಬಣ್ಣ ಬಳಿಸಿಕೊಂಡು ಟಿಕೆಟ್ಟು ಹರಿಯುವುದು ಹೊಸದೇನಲ್ಲ. ಗೋಡೌನಿನಲ್ಲಿ ಆ ಸಿನಿಮಾದ ರೀಲು ಸಿಕ್ಕಿತು. ಧ್ವನಿಯಿಲ್ಲದ, ಕಪ್ಪು ಬಿಳುಪಿನ ಐದಾರು ನಿಮಿಷದ ಚಿತ್ರ. ಯಂತ್ರಗಳ ಹೆಸರು ಹೇಳಲು ಮೇಸ್ತ್ರಿಗಳನ್ನು ಕರೆಸಿದರು. ಗೋಡೆಯ ಮೇಲೆ ಹೆಂಡತಿ ತಲೆಯೆತ್ತಿದಾಗ ಮೇಸ್ತ್ರಿಗಳು ಕುರ್ಚಿಯಿಂದ ಅರ್ಧ ಎದ್ದರು. ಅಳು ಬಂದದ್ದಲ್ಲ, ಸಾಕ್ಷಿ ಸಿಕ್ಕಿದ್ದು. ಅವಳು ಬಾಯಾಡಿಸಿದ್ದು ಇದೆ, ಸಾಲು ನಕ್ಕಿದ್ದು ಇದೆ. ಕೊನೆಯಲ್ಲಿ ಅಟ್ಟಣೆಯ ಮೇಲೆ ಎದೆಯುಬ್ಬಿಸಿ ನಿಂತ ತಾವೂ ಇದ್ದೀರಿ ಎಂದು ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಬೇರೆ ಹೊಗಳಿದರು. ಅಂದು ತಯಾರಿ ನೋಡಲು ಬಂದಿದ್ದ ಶಾಲೆಯ ಮಕ್ಕಳು ಆ ಕೊನೆಯ ಚಿತ್ರಕ್ಕೆ ಕಿಸಕ್ಕೆಂದರು. ಈಗಿನ ಮಕ್ಕಳಿಗೆ ಹಿರಿಯರೆಂದರೆ ಗೌರವವಿಲ್ಲವೆಂದು ಮೇಸ್ತ್ರಿಗಳು ಮೇಡಂಗೆ ವಿವರಿಸಿದರು.

"ಇವಳು ನನ್ನ ಹೆಂಡತಿ," ಎಂದರು. "ಇಲ್ಲಿ ಏನು ಹೇಳ್ತಿದಾಳೆ ಅಂತ ಕಂಡುಹಿಡೀರಿ. ಕೆಳಗೆ ಬರೆದು ಹಾಕಿ. ನಾಲ್ಕು ಜನ ಓದಲಿ."

ಮೇಡಂಗೂ ಅದು ಬೇಕಿತ್ತು. ಚಿತ್ರದ ಕೆಳಗೆ ಅಕ್ಷರ ಬಂದರೆ ನೋಡುವವರಿಗೆ ಚಂದ. ಅವರು ಬಿಳಿ ಷರಟಿನ ಸಣ್ಣ ದನಿಯ ಹೆಂಗಸು, ಕಂಪ್ಯೂಟರಿನ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ. "ಮಾಹಿತಿ ಎಲ್ಲಾ ಚಿತ್ರದಲ್ಲೇ ಇದೆ ಸಾರ್. ತೆಗೆಯೋದಷ್ಟೇ ಬಾಕಿ," ಎಂದರು. ಜೀವನದಲ್ಲಿ ಮೊದಲ ಬಾರಿಗೆ ಒಬ್ಬರು ತಮ್ಮ ಹಾಗೇ ಯೋಚಿಸುವುದನ್ನು ಕಂಡು ಮೇಸ್ತ್ರಿಗಳಿಗೆ ಮೇಡಂ ಮೇಲೆ ಗೌರವ ಹುಟ್ಟಿತು. ಅದು ಹೆಚ್ಚು ಕಾಲ ಬಾಳಲಿಲ್ಲ. ತುಟಿ ನೋಡಿ ಮಾತು ಹೇಳುವ ಕಂಪ್ಯೂಟರು ಒಂದು ವಾರ ಯೋಚಿಸಿ, 'ಮೂರು ಬೆಕ್ಕುಗಳು ನಾಳೆ ಮದುವೆ' ಎಂದು ಕೊಟ್ಟಿತು. ಕಿವುಡ ಮಕ್ಕಳ ಶಾಲೆಯ ಮೇಷ್ಟರನ್ನು ಕರೆಸಿದರು. ಅವರು ಎರಡು ಸಲ ನೋಡಿ, ಇದು ನಾವು ಆಡುವ ಮಾತಿನ ತುಟಿಯಲ್ಲ, ಆ ಶೆಡ್ಡಿನವರು ತಾವೇ ಕಟ್ಟಿಕೊಂಡದ್ದು, ನನಗೆ ದಕ್ಕುವುದಿಲ್ಲ ಎಂದು ಒಪ್ಪಿಕೊಂಡು ಹೋದರು.

ಆ ಸಾಲಿನವರಲ್ಲಿ ಊರಲ್ಲಿ ಉಳಿದವಳು ಒಬ್ಬಳೇ, ಬಾಯಿಬಡುಕಿ. ಹೆಂಡತಿಯ ಎದುರು ಮಗ್ಗದವಳು, ಅವಳ ಪ್ರಾಣಸ್ನೇಹಿತೆ. ಮಗ್ಗದ ಸದ್ದಿಗೆ ಕಿವಿ ಹೋಗಿ, ಈಗ ಬಸ್ ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಕೊಡುತ್ತಾಳೆ. ತನಗೆ ಕೇಳದ್ದರಿಂದ ಊರಿಗೆಲ್ಲ ಕೇಳುವಂತೆ ಮಾತಾಡುತ್ತಾಳೆ. ಅವಳಷ್ಟು ಜಂಬದ, ಸುಳ್ಳಿನ, ಚಾಡಿಯ ಹೆಂಗಸು ಭೂಮಿಯ ಮೇಲಿಲ್ಲ ಎನ್ನುವುದು ಮೇಸ್ತ್ರಿಗಳ ಅಭಿಪ್ರಾಯ. ಅದರಲ್ಲಿ ಅರ್ಧದಷ್ಟು ನಿಜವೂ ಹೌದು. ಮೇಡಂ ಕಳಿಸಿದ ಕಾರಿನಲ್ಲಿ ಅವಳು ಮದುಮಗಳಂತೆ ಬಂದಿಳಿದಳು.

ಗೋಡೆಯ ಮೇಲೆ ಚಿತ್ರ ಓಡಿತು. ಹೆಂಡತಿ ತಲೆಯೆತ್ತಿದಳು, ಬಾಯಾಡಿಸಿದಳು. ಎದುರು ಮಗ್ಗದಲ್ಲಿ, ಕ್ಯಾಮೆರಾಗೆ ಬೆನ್ನು ಹಾಕಿ ನಿಂತ ಒಬ್ಬಳ ತಲೆ ಅಲುಗಿತು. ಸಾಲು ನಕ್ಕಿತು. ಬಾಯಿಬಡುಕಿಯೂ ಕುರ್ಚಿಯಲ್ಲಿ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಬರೀ ಕಣ್ಣೊರೆಸಿಕೊಂಡಳು.

"ಏನಂತಾರೆ ಅಮ್ಮಾ?" ಮೇಡಂ ಪೆನ್ನು ಹಿಡಿದು ಕೇಳಿದರು, ಕೇಳಿಸಲೆಂದು ಮತ್ತೊಮ್ಮೆ ಕೂಗಿದರು.

ಬಾಯಿಬಡುಕಿ ಮೇಸ್ತ್ರಿಗಳನ್ನು ಒಮ್ಮೆ ನೋಡಿದಳು. "ಎಣ್ಣೆ ಕೇಳ್ತಿದಾಳೆ! ಮಗ್ಗಕ್ಕೆ ಎಣ್ಣೆ ತನ್ನಿ ಅಂತ!"

ಮೇಡಂ ಬರೆದುಕೊಂಡರು. ಮೇಸ್ತ್ರಿಗಳ ಮೈ ಉರಿದುಹೋಯಿತು. ಎಣ್ಣೆ ಕೇಳಿದರೆ ಯಾವ ಸಾಲು ನಗುತ್ತದೆ? ಸ್ನೇಹಿತೆಯ ಮಾನ ಉಳಿಸಲು ಇವಳು ಸುಳ್ಳು ಹೊಸೆಯುತ್ತಿದ್ದಾಳೆ ಎಂದು ಅವರು ಮನಸ್ಸಿನಲ್ಲೇ ತೀರ್ಪು ಕೊಟ್ಟರು. ಅಂದರೆ ಬೈಗುಳ ಅಷ್ಟು ಕೆಟ್ಟದ್ದಿರಬೇಕು. ಆ ಯೋಚನೆಯಿಂದ ಅವರಿಗೆ ಸಮಾಧಾನವೇ ಆಯಿತು.

ಮಾರನೆಯ ಬೆಳಿಗ್ಗೆ ಸೈಕಲ್ ಸ್ಟ್ಯಾಂಡಿಗೆ ಹೋದರು. ತಗಡಿನ ಮಾಡಿನ ಕೆಳಗೆ ಸ್ಕೂಟರುಗಳು ಒಂದಕ್ಕೊಂದು ಒರಗಿದ್ದವು. ಬಾಯಿಬಡುಕಿ ಸ್ಟೂಲಿನ ಮೇಲೆ ಕೂತು ಯಾರದೋ ಹೆಲ್ಮೆಟ್ಟಿನಲ್ಲಿ ಚೀಟಿ ಜೋಡಿಸುತ್ತಿದ್ದಳು.

"ಬನ್ನಿ ಭಾವಾ ಬನ್ನಿ! ಸೈಕಲ್ಲೇ ಇಲ್ಲದೆ ಸ್ಟ್ಯಾಂಡಿಗೆ ಬಂದಿದೀರಲ್ಲ, ನಿಮ್ಮನ್ನೇ ನಿಲ್ಲಿಸಿಕೊಳ್ಳಬೇಕಾ?"

"ನಿನ್ನ ನಗೆಚಾಟಿಕೆ ಸಾಕು. ಅವಳು ಹೇಳಿದ್ದು ಎಣ್ಣೆ ಅಲ್ಲ."

"ಅಲ್ಲ," ಎಂದಳು, ಅವರ ತುಟಿಯನ್ನೇ ನೋಡುತ್ತ. ಅಷ್ಟು ಬೇಗ ಒಪ್ಪುತ್ತಾಳೆಂದು ಮೇಸ್ತ್ರಿಗಳು ಎಣಿಸಿರಲಿಲ್ಲ.

"ಮತ್ತೆ? ಎಂಥ ಬೈಗುಳಾನೇ ಆಗಲಿ, ಹೇಳು. ನನ್ನ ಮಗಳ ಮುಂದೆ ಬಂದೂ ಹೇಳಬೇಕು."

"ಬೈಗುಳಾನಾ?" ಅವಳು ಹೆಲ್ಮೆಟ್ಟು ಕೆಳಗಿಟ್ಟಳು. "ನಿಮಗೆ ಬೈಯೋಕೆ ನಾವು ಅಷ್ಟು ಜನ ಇದ್ವಲ್ಲ ಭಾವಾ, ಅಕ್ಕ ಯಾಕೆ ಬೈಬೇಕಿತ್ತು? ಅವತ್ತು ಅವಳು ಬೆಳಗಿನ ಪಾಳಿಗೆ ಅಂತ ನಿಮಗಿಂತ ಮುಂಚೆ ಬಂದಿದ್ಲು. ನೀವು ನಿಮ್ಮಷ್ಟಕ್ಕೆ ಅಂಗಿ ತೊಟ್ಟು ಬಂದ್ರಿ. ಒಂದು ಗುಂಡಿ ತಪ್ಪಿ ಹಾಕಿದ್ರಿ, ಅಲ್ಲಿಂದ ಕೆಳಗೆ ಎಲ್ಲಾ ತಪ್ಪು. ಕಾಲರು ಒಂದು ಕಿವಿ ಹತ್ರ, ಇನ್ನೊಂದು ಎದೆ ಹತ್ರ. ಹಾಗೇ ಕ್ಯಾಮೆರಾದೋರ ಮುಂದೆ ರಾಜನ ಹಾಗೆ ನಿಂತಿದ್ರಿ. 'ರೀ, ಗುಂಡಿ ತಪ್ಪಿದೆ, ಸರಿ ಮಾಡ್ಕೊಳ್ಳಿ' ಅಂದ್ಲು ಅಕ್ಕ. ಅದೂ ನಿಮಗೇ ಅಂದಿದ್ದು, ನಮಗಲ್ಲ."

"ನನಗೆ ಆ ಮಂಗನ ಭಾಷೆ ಬರಲ್ಲ ಅಂತ ಅವಳಿಗೆ ಗೊತ್ತಿರಲಿಲ್ವಾ?"

"ಇಲ್ಲ! ಪಾಪ, ಅದೇ ಅವಳ ದಡ್ಡತನ. ದಿನವಿಡೀ ನಮ್ಮ ಬಾಯನ್ನೇ ನೋಡ್ತಾ ನಿಂತಿರೋ ಮನುಷ್ಯ, ಎರಡು ಮಾತಾದ್ರೂ ಕಲೀದೆ ಇರ್ತಾನಾ ಅಂತ ಅವಳ ನಂಬಿಕೆ. ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಕಣಕ್ಕ ಅಂತ ನಾನು ಎಷ್ಟು ಹೇಳಿದ್ದೆ."

"ಸಾಲು ಯಾಕೆ ನಕ್ಕಿತು?"

"ಅದು ನನಗೆ! ಬೆನ್ನು ಕಾಣುತ್ತಲ್ಲ, ಅದು ನಾನು. 'ಬಿಡಕ್ಕಾ, ಹಾಗೇ ಇರ್ಲಿ, ಪರದೇಶದೋರೂ ನೋಡ್ಲಿ' ಅಂದೆ. ನಿಮ್ಮ ಸಿನಿಮಾದಲ್ಲಿ ನನ್ನ ಬಾಯಿ ಇಲ್ಲ, ಅದಕ್ಕೇ ನಗು ಅವಳ ಲೆಕ್ಕಕ್ಕೆ ಬಿತ್ತು."

"ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?"

"ಮೇಡಂ ಮುಂದೆ ನಿಮ್ಮ ಮಾನ ಹೋಗಬಾರದು ಅಂತ. ನಿಮಗೋಸ್ಕರ ಅಲ್ಲ, ಸುಮ್ನೆ ಉಬ್ಬಬೇಡಿ. ಅಕ್ಕ ಅವತ್ತು ಒದ್ದಾಡಿದ್ದು ಅದಕ್ಕೇ ತಾನೆ, ಅವಳಿಗೋಸ್ಕರ."

ಮೇಸ್ತ್ರಿಗಳು ನಂಬಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ಒದ್ದು ತೋರಿಸಿದರೂ ಕಾಣುವುದಿಲ್ಲ. ಅಲ್ಲಿಂದ ನೇರ ಮ್ಯೂಸಿಯಂಗೆ ಹೋಗಿ, ಚಿತ್ರ ಹಾಕಿಸಿಕೊಂಡು, ಒಬ್ಬರೇ ಕೂತರು. ಕೊನೆಯಲ್ಲಿ ಅಟ್ಟಣೆ ಬಂತು. ಇಷ್ಟು ಸಲ ನೋಡಿದ್ದರು. ಪ್ರತಿ ಸಲವೂ ತಮ್ಮ ಎದೆಯನ್ನು, ಗದ್ದವನ್ನು, ನಿಂತ ಭಂಗಿಯನ್ನು ನೋಡಿ ಮೆಚ್ಚಿಕೊಂಡಿದ್ದರು. ಈಗ ಅಂಗಿ ನೋಡಿದರು. ಕಾಲರಿನ ಒಂದು ತುದಿ ಕಿವಿಗೆ ಏರಿತ್ತು, ಕೆಳಗೆ ಒಂದು ಮಡಿಕೆ ನಾಲಗೆಯಂತೆ ಜೋತುಬಿದ್ದಿತ್ತು. ಶಾಲೆಯ ಮಕ್ಕಳಿಗೆ ಒಂದೇ ನೋಟಕ್ಕೆ ಕಂಡದ್ದು ಅವರಿಗೆ ಕಾಣಲು ಅರ್ಧ ಆಯುಷ್ಯ ಬೇಕಾಯಿತು.

ಆದರೆ ಮೇಸ್ತ್ರಿಗಳ ತಲೆ ಸುಲಭಕ್ಕೆ ಸೋಲುವಂಥದ್ದಲ್ಲ. ಅಂಗಿ ತಪ್ಪಿರಬಹುದು, ಅವಳು ಅಂಗಿಯ ಮಾತೇ ಆಡಿದಳು ಎನ್ನಲು ಏನು ಆಧಾರ? ಬಾಯಿಬಡುಕಿಯೂ ಇದೇ ಚಿತ್ರ ನೋಡಿದ್ದಾಳೆ. ಅಂಗಿ ಕಂಡು, ಅದಕ್ಕೊಂದು ಕಥೆ ಹೊಲಿದಿದ್ದಾಳೆ. ಮತ್ತೆ ಸೈಕಲ್ ಸ್ಟ್ಯಾಂಡಿಗೆ ಬಿಸಿಲಲ್ಲಿ ನಡೆದು ಹೋಗಿ ಇದನ್ನು ಅವಳ ಮುಖಕ್ಕೆ ಹೇಳಿದರು.

ಈ ಸಲ ಬಾಯಿಬಡುಕಿ ಕೂಗಲಿಲ್ಲ. "ಸರಿ ಭಾವಾ. ನಾನು ಅಂಗಿ ನೋಡಿ ಕಟ್ಟಿದೆ ಅಂತಾನೇ ಇಟ್ಕೊಳ್ಳಿ," ಎಂದಳು. "ಅವಳು ಬೈದ್ಲು ಅಂತ ನೀವು ಕಟ್ಟಿದ್ರಲ್ಲ, ಅದು ಏನು ನೋಡಿ?"

ಯಾರೋ ಸ್ಕೂಟರು ತೆಗೆಯಲು ಬಂದರು. ಅವಳು ಎದ್ದು ಹೋದಳು.

ಮನೆಯ ದಾರಿಯಲ್ಲಿ, ಯಾರೂ ಕರೆಯದಿದ್ದರೂ, ಆ ದಿನ ಪೂರ್ತಿಯಾಗಿ ಮೇಸ್ತ್ರಿಗಳ ನೆನಪಿಗೆ ಬಂತು. ಊಟದ ಬಿಡುವಿನಲ್ಲಿ ಕೈ ತೊಳೆಯುವ ಕೋಣೆಯ ಕನ್ನಡಿಯ ಮುಂದೆ ತಾವು ಗುಂಡಿ ಬಿಚ್ಚಿ ಹಾಕಿಕೊಂಡದ್ದು. ಸದ್ಯ ಯಾರೂ ನೋಡಲಿಲ್ಲವೆಂದು ನಿಟ್ಟುಸಿರು ಬಿಟ್ಟದ್ದು. ಸಂಜೆ ಮನೆಗೆ ಬಂದಾಗ ಹೆಂಡತಿ, ಗಟ್ಟಿಯಾಗಿ, ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ, "ಅಲ್ಲಾ ರೀ, ನಿಮ್ಮ ಅಂಗಿ..." ಎಂದು ಬಾಯಿ ತೆಗೆದದ್ದು. "ಅಂಗಿ ಒಗೆದು ಹಾಕಿದ್ದನ್ನ ದೊಡ್ಡದಾಗಿ ಹೇಳಬೇಡ, ಬಾಯಿ ಮುಚ್ಚು" ಎಂದು ತಾವು ಅಂದದ್ದು. ಅವಳು ಮುಚ್ಚಿದಳು. ಇನ್ನು ತಪ್ಪಿಸಿಕೊಳ್ಳಲು ಯಾವ ಬಾಗಿಲೂ ಉಳಿದಿರಲಿಲ್ಲ.

ಹೋಗಿ ಮೇಡಂಗೆ ಹೇಳಬಹುದಿತ್ತು. ಒಂದು ದಿನ ಹೋದರು ಕೂಡ. ಮೇಡಂ ಬಾಗಿಲಿನ ಹೊರಗೆ ನಿಂತು, ಚಿತ್ರದ ಕೆಳಗೆ 'ಗುಂಡಿ ತಪ್ಪಿದೆ' ಎಂದು ಬಂದರೆ ನೋಡುವವರ ಕಣ್ಣು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ನೆಟ್ಟಗೆ ಅಟ್ಟಣೆಗೆ ಹೋಗುತ್ತದೆ. ಊರ ಮಕ್ಕಳೆಲ್ಲ ಟಿಕೆಟ್ಟು ಕೊಂಡು ನಗುತ್ತಾರೆ. ಒಳಗಿನಿಂದ ಮೇಡಂ, "ಏನಾದ್ರೂ ಬೇಕಿತ್ತಾ ಸಾರ್?" ಎಂದರು.

"ಇಲ್ಲ. ಫ್ಯಾನು ಸದ್ದು ಮಾಡ್ತಿದೆ, ನೋಡಿಸಿ," ಎಂದು ಹೇಳಿ ವಾಪಸು ಬಂದರು. ಬದುಕಿದ್ದಾಗ ಅವಳನ್ನು ಧೂಳಿನ ಕೋಣೆಗೆ ಹಾಕಿದ ಮನುಷ್ಯನಿಗೆ ಸತ್ತ ಮೇಲೆ ಅವಳನ್ನು ಎಣ್ಣೆ ಕೇಳಲು ಹಚ್ಚುವುದು ಕಷ್ಟವೇನಾಗಲಿಲ್ಲ.

ಮ್ಯೂಸಿಯಂ ಶುರುವಾದ ದಿನ ದೊಡ್ಡವರು ಬಂದು ರಿಬ್ಬನು ಕತ್ತರಿಸಿ, ದುಡಿದ ಕೈಗಳ ಬಗ್ಗೆ ಭಾಷಣ ಮಾಡಿ, ಆ ಕೈಗಳವರು ಯಾರೂ ಕೂರದ ಮುಂದಿನ ಸಾಲಿನಲ್ಲಿ ಕೂತು ಎದ್ದು ಹೋದರು. ಮೇಸ್ತ್ರಿಗಳು ಹೋಗುವ ಮನಸ್ಸು ಮಾಡಿರಲಿಲ್ಲ. ಆದರೆ ಮೇಡಂ ಮನೆಗೆ ಕಾಗದ ಕಳಿಸಿದ್ದರು; ಮಗಳು ಅದನ್ನು ನೋಡಿ, "ಅಮ್ಮ ಕಾಣ್ತಾಳಂತೆ, ನಾನು ಬರ್ತೀನಿ," ಎಂದು ತಾನೇ ಹೊರಟು ನಿಂತಿದ್ದಳು. ವರ್ಷದಿಂದ ಅವಳು ಅಪ್ಪನ ಜೊತೆ ಹೊರಗೆ ಹೆಜ್ಜೆ ಹಾಕಿದ್ದು ಅದೇ ಮೊದಲು.

ಜನ ಕರಗಿದ ಮೇಲೆ ಇಬ್ಬರೂ ಗೋಡೆಯ ಮುಂದೆ ನಿಂತರು. ಮಗ್ಗಗಳು ಸದ್ದಿಲ್ಲದೆ ಬಡಿದುಕೊಂಡವು. ಕಿಟಕಿಯ ಪಕ್ಕ, ಮಗಳಿಗಿಂತ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ಮಗಳು ಉಸಿರು ಬಿಗಿಹಿಡಿದದ್ದು ಮೇಸ್ತ್ರಿಗಳಿಗೆ ಕೇಳಿಸಿತು. ಹೆಂಗಸಿನ ಬಾಯಿ ಅಲುಗಿತು, ಕೆಳಗೆ ಬಿಳಿಯ ಅಕ್ಷರ ಮೂಡಿತು: 'ಮಗ್ಗಕ್ಕೆ ಎಣ್ಣೆ ತನ್ನಿ.'

ಮಗಳು ಅದನ್ನು ಓದಿದಳು. ಚಿತ್ರ ಮುಂದೆ ಓಡಿ, ಅಟ್ಟಣೆ ಬಂದು ಹೋಗಿ, ಮೊದಲಿನಿಂದ ಮತ್ತೆ ಶುರುವಾಯಿತು. ಅವಳು ಇನ್ನೊಮ್ಮೆ ಓದಿ, ನಿಧಾನವಾಗಿ ಅಪ್ಪನ ಕಡೆ ತಿರುಗಿದಳು.

"ಎಣ್ಣೆ ಕೇಳಿದ್ದಕ್ಕಾ ಅಪ್ಪಾ?"

ಅಲ್ಲ, ಎಣ್ಣೆ ಕೇಳಿದ್ದಕ್ಕಲ್ಲ, ಎನ್ನಬೇಕಿತ್ತು. ಎಂದರೆ ಮುಂದಿನದ್ದನ್ನೂ ಹೇಳಬೇಕಿತ್ತು. ಮೇಸ್ತ್ರಿಗಳು ಬಾಯಿ ತೆರೆದರು; ತುಟಿ ಅಲುಗಿತು, ಧ್ವನಿ ಹೊರಡಲಿಲ್ಲ. ಮಗಳು ಆ ತುಟಿಯನ್ನೇ ನೋಡಿದಳು, ಅವಳಿಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಗೋಡೆಯ ಮೇಲೆ ಹೆಂಡತಿ ಮತ್ತೆ ತಲೆಯೆತ್ತಿ, ಕೆಳಗಿನ ಅಕ್ಷರಗಳ ಗೊಡವೆಯಿಲ್ಲದೆ, ನೆಟ್ಟಗೆ ಅವರನ್ನೇ ನೋಡಿ ತನ್ನ ಮಾತು ಹೇಳಿದಳು. ಮೇಸ್ತ್ರಿಗಳ ಕೈ ತಾನಾಗಿ ಎದೆಗೆ ಹೋಗಿ, ಕಾಲರಿನಿಂದ ಕೆಳಗೆ, ಒಂದೊಂದೇ ಗುಂಡಿಯನ್ನು ಮುಟ್ಟಿ ನೋಡಿತು. ಗುಂಡಿಗಳೆಲ್ಲ ಸರಿಯಾಗಿಯೇ ಇದ್ದವು. ಮಗಳು ಇನ್ನೂ ಕಾಯುತ್ತಿದ್ದಳು.